ವ್ಯಾಖ್ಯಾನಕಾರರಿಲ್ಲದ ವಾಚನ: ಕೆಥೊಲಿಕ್ ವಿಶ್ವವಿದ್ಯಾಲಯಗಳ ನೌಕರರ ಓದುಕೂಟ

ಅಮೆರಿಕದ ಕೆಥೊಲಿಕ್ ವಿಶ್ವವಿದ್ಯಾಲಯಗಳಲ್ಲಿ ಕೆಲಸಕ್ಕೆ ಸೇರಿದವರಿಗೆ ಸೆಮಿಸ್ಟರ್ ಶುರುವಾದ ಎರಡು ಮೂರು ವಾರಕ್ಕೆ ಒಂದು ಇಮೇಲ್ ಬರುವುದುಂಟು. ಕಳಿಸಿದ್ದು ಸಂಸ್ಥೆಯ ಧಾರ್ಮಿಕ ಧ್ಯೇಯವನ್ನು ನೋಡಿಕೊಳ್ಳುವ ಮಿಷನ್ ಕಚೇರಿ. ಆರು ವಾರ, ವಾರಕ್ಕೊಂದು ಮಧ್ಯಾಹ್ನ, ಆಧ್ಯಾತ್ಮಿಕ ಪುಸ್ತಕವೊಂದನ್ನು ಒಟ್ಟಿಗೆ ಓದೋಣ. ಪುಸ್ತಕ ನಾವೇ ಕೊಡುತ್ತೇವೆ, ಯಾವ ಧರ್ಮದವರಾದರೂ ಬನ್ನಿ ಎಂಬ ಧಾಟಿಯ ಆಹ್ವಾನ. ಅಲ್ಲಿನ ಲ್ಯಾಬಿನಲ್ಲೋ ಐಟಿ ವಿಭಾಗದಲ್ಲೋ ಕೆಲಸ ಮಾಡುವ ಕನ್ನಡಿಗರಿಗೆ ಇದನ್ನು ನೋಡಿದ ಕೂಡಲೇ ಎರಡು ಅನುಮಾನ ಹುಟ್ಟುವುದು ಸಹಜ. ಮತಕ್ಕೆ ಸೆಳೆಯುವ ದಾರಿಯೇ ಇದು? ಹೋಗದಿದ್ದರೆ ಮೇಲಿನವರು ಏನಾದರೂ ಅಂದುಕೊಂಡಾರೇ? ಕೂಟ ಸರಿಯಾಗಿ ನಡೆಯುತ್ತಿದ್ದರೆ ಎರಡಕ್ಕೂ ಉತ್ತರ 'ಇಲ್ಲ'. ಆದರೆ ಆ ಉತ್ತರ ತಾನಾಗಿ ಒದಗುವುದಿಲ್ಲ. ಕೂಟವನ್ನು ಕಟ್ಟುವ ರೀತಿಯಲ್ಲೇ ಅದನ್ನು ಕೂಡಿಸಬೇಕು.

ಮೊದಲು, ವಿಶ್ವವಿದ್ಯಾಲಯಕ್ಕೆ ಇದರ ಅಗತ್ಯ ಏಕೆ ಬಿತ್ತು ಎಂಬುದು. ಜೆಸ್ವಿಟರೆಂದರೆ ಯೇಸುಸಭೆ ಎಂಬ ಕೆಥೊಲಿಕ್ ಸಂಘದ ಗುರುಗಳು ಮತ್ತು ಬ್ರದರ್‌ಗಳು. ಅಮೆರಿಕದ ಜೆಸ್ವಿಟ್ ಶಿಕ್ಷಣಸಂಸ್ಥೆಗಳಲ್ಲಿ ಅತ್ಯಂತ ಹಳೆಯದು 1789ರ ಜಾರ್ಜ್‌ಟೌನ್. ಇಂದು ಅಲ್ಲಿ ಇಂಥ 27 ಕಾಲೇಜು–ವಿಶ್ವವಿದ್ಯಾಲಯಗಳಿವೆ. ಬಹಳ ಕಾಲ ಅಲ್ಲಿ ಪಾಠ ಹೇಳುವವರು, ಹಾಸ್ಟೆಲ್ ನೋಡಿಕೊಳ್ಳುವವರು, ಲೆಕ್ಕ ಬರೆಯುವವರು ಬಹುಪಾಲು ಆ ಸಭೆಯ ಗುರುಗಳು ಮತ್ತು ಬ್ರದರ್‌ಗಳೇ ಆಗಿದ್ದರು. ಸಂಸ್ಥೆಯ ಗುಣವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅದು ನಿಲುವಂಗಿ ತೊಟ್ಟು ಓಡಾಡುತ್ತಿತ್ತು. 1967ರಲ್ಲಿ ವಿಸ್ಕಾನ್ಸಿನ್ನಿನ ಲ್ಯಾಂಡ್ ಓ ಲೇಕ್ಸ್‌ನಲ್ಲಿ ಸೇರಿದ ಕೆಥೊಲಿಕ್ ಶಿಕ್ಷಣತಜ್ಞರು ವಿಶ್ವವಿದ್ಯಾಲಯಕ್ಕೆ ಸ್ವಾಯತ್ತತೆ ಬೇಕೆಂಬ ಹೇಳಿಕೆ ಹೊರಡಿಸಿದರು. ಅದೇ ವರ್ಷ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಗೃಹಸ್ಥರಿಗೆ, ಅಂದರೆ ಗುರುಗಳಲ್ಲದವರಿಗೆ, ಬಹುಮತ ಬಂತು, ಉಳಿದವು ಒಂದೊಂದಾಗಿ ಅದೇ ದಾರಿ ಹಿಡಿದವು. ಇತ್ತ ಗುರುಗಳ ಸಂಖ್ಯೆ ಇಳಿಯುತ್ತ ಹೋಯಿತು. ಈಗ ಸಂಸ್ಥೆಯನ್ನು ಹೊತ್ತು ನಡೆಸುವವರು ಸಂಬಳದ ನೌಕರರು: ಕೆಥೊಲಿಕರು, ಪ್ರೊಟೆಸ್ಟೆಂಟರು, ಯಹೂದಿಗಳು, ಮುಸ್ಲಿಮರು, ಹಿಂದೂಗಳು, ಯಾವ ದೇವರನ್ನೂ ನಂಬದವರು. ಹಾಗಿರುವಾಗ ಆ ಪರಂಪರೆ ಯಾವುದು, ಅದರಲ್ಲಿ ಇವರ ಪಾಲೇನು ಎಂದು ಕೂತು ಮಾತಾಡಲು ಒಂದು ಜಾಗ ಬೇಕಾಯಿತು. ಮಿಷನ್ ಕಚೇರಿಗಳು ಆ ಕೆಲಸಕ್ಕೆಂದೇ ಇರುವಂಥವು. ಅವುಗಳ ಅತಿ ಅಗ್ಗದ, ಅತಿ ಪರಿಣಾಮಕಾರಿ ಸಾಧನ ಓದುಕೂಟ.

ಮತಾಂತರದ ಅನುಮಾನಕ್ಕೆ ಧರ್ಮಸಭೆಯ, ಅಂದರೆ ಕೆಥೊಲಿಕ್ ಚರ್ಚಿನ, ಕಾನೂನಿನಲ್ಲೇ ಉತ್ತರವಿದೆ. ಕೆಥೊಲಿಕ್ ವಿಶ್ವವಿದ್ಯಾಲಯಗಳಿಗಾಗಿ ಪೋಪ್ ಎರಡನೆಯ ಜಾನ್ ಪಾಲ್ 1990ರ ಆಗಸ್ಟ್ 15ರಂದು ಹೊರಡಿಸಿದ ಸಂವಿಧಾನ, ಕೆಥೊಲಿಕ್ ಬೋಧನೆ ಸಂಸ್ಥೆಯ ಎಲ್ಲ ಚಟುವಟಿಕೆಗಳ ಮೇಲೂ ಪ್ರಭಾವ ಬೀರಬೇಕು ಎನ್ನುತ್ತದೆ. ಅದೇ ಉಸಿರಿನಲ್ಲಿ ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಪೂರ್ತಿಯಾಗಿ ಗೌರವಿಸಬೇಕು ಎಂದೂ ಹೇಳುತ್ತದೆ. ಓದುಕೂಟ ನಿಂತಿರುವುದು ಈ ಎರಡು ಮಾತುಗಳ ಮೇಲೆ. ಒಂದನ್ನು ಬಿಟ್ಟರೆ ಅದು ಯಾವುದೋ ಆಫೀಸಿನ ಮನರಂಜನಾ ಕ್ಲಬ್ಬಾಗುತ್ತದೆ, ಇನ್ನೊಂದನ್ನು ಬಿಟ್ಟರೆ ಧರ್ಮೋಪದೇಶದ ತರಗತಿಯಾಗುತ್ತದೆ.

ಪುಸ್ತಕವೇ ಏಕೆ, ಉಪನ್ಯಾಸ ಏಕಲ್ಲ? ಜೆಸ್ವಿಟರ ಮಟ್ಟಿಗೆ ಇದಕ್ಕೆ ಒಂದು ಹುಟ್ಟುಕಥೆಯೇ ಇದೆ. 1521ರ ಮೇ 20ರಂದು ಪಂಪ್ಲೋನಾ ಕೋಟೆಯ ಕಾಳಗದಲ್ಲಿ ಮುಂದೆ ಜೆಸ್ವಿಟ್ ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಎಂಬ ಬಾಸ್ಕ್ ಸೈನಿಕನ ಕಾಲಿಗೆ ಫಿರಂಗಿ ಗುಂಡು ಬಿತ್ತು. ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಆತ ಓದಲು ಬೇಕೆಂದು ಕೇಳಿದ್ದು ವೀರಸಾಹಸದ ಕಥೆಗಳನ್ನು. ಮನೆಯಲ್ಲಿ ಇದ್ದದ್ದು ಯೇಸುವಿನ ಜೀವನ ಮತ್ತು ಸಂತರ ಚರಿತ್ರೆ ಮಾತ್ರ. ಬೇರೆ ಗತಿಯಿಲ್ಲದೆ ಅವನ್ನೇ ಓದಿದ. ಓದುತ್ತ ಒಂದು ಸಂಗತಿ ಗಮನಿಸಿದ: ಸಾಹಸದ ಹಗಲುಗನಸು ಕಾಣುವಾಗ ಹಿತವಾಗಿರುತ್ತದೆ, ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತದೆ, ಸಂತರ ವಿಚಾರ ಮುಗಿದ ಮೇಲೂ ಉಲ್ಲಾಸ ಉಳಿಯುತ್ತದೆ. ಇಷ್ಟವಾದ ಭಾಗಗಳನ್ನು ಸುಮಾರು 300 ಹಾಳೆಗಳಷ್ಟು ನಕಲು ಮಾಡಿಕೊಂಡ. ಯೇಸುವಿನ ಮಾತಿಗೆ ಕೆಂಪು ಶಾಯಿ, ಮರಿಯಮ್ಮನವರ ಮಾತಿಗೆ ನೀಲಿ. ಓದಿದ್ದು ತನ್ನೊಳಗೆ ಏನು ಮಾಡಿತು ಎಂದು ನೋಡಿಕೊಳ್ಳುವ ಆ ಅಭ್ಯಾಸವೇ ಮುಂದೆ ಜೆಸ್ವಿಟರ ಆಧ್ಯಾತ್ಮದ ಬುನಾದಿಯಾಯಿತು. ಓದುಕೂಟದಲ್ಲಿ ಕೇಳುವ ಪ್ರಶ್ನೆಯೂ ಇದೇ. ಲೇಖಕರು ಏನೆಂದರು ಎಂಬುದರಲ್ಲಿ ಅದು ನಿಲ್ಲುವುದಿಲ್ಲ; ಅದು ನಿಮ್ಮಲ್ಲಿ ಏನನ್ನು ಕದಲಿಸಿತು ಎಂಬಲ್ಲಿಗೆ ಹೋಗುತ್ತದೆ.

ಕನ್ನಡದವರಿಗೆ ಇದನ್ನು ಗಮಕದ ಮೂಲಕ ಹೇಳುವುದು ಸುಲಭ. ಗಮಕದಲ್ಲಿ ಇಬ್ಬರಿರುತ್ತಾರೆ: ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ನೌಕರರ ಓದುಕೂಟದಲ್ಲಿ ವಾಚನ ಇದೆ. ವ್ಯಾಖ್ಯಾನಕಾರರ ಪೀಠವನ್ನು ಬೇಕೆಂದೇ ಖಾಲಿ ಬಿಟ್ಟಿದೆ. 1548ರಲ್ಲಿ ಪೋಪ್ ಮೂರನೆಯ ಪಾಲ್ ಅವರ ಒಪ್ಪಿಗೆ ಪಡೆದ ಇಗ್ನೇಷಿಯಸರ ಸಾಧನಾ ಕೈಪಿಡಿಯಲ್ಲೇ ಇದಕ್ಕೆ ಆಧಾರವಿದೆ. ಧ್ಯಾನದ ವಿಷಯವನ್ನು ಕೊಡುವವರು ಚುಟುಕಾಗಿ ಹೇಳಿ ನಿಲ್ಲಿಸಬೇಕು, ಏಕೆಂದರೆ ಸ್ವತಃ ಕಂಡುಕೊಂಡದ್ದು ಹೆಚ್ಚು ರುಚಿಸುತ್ತದೆ, ಬಹಳ ತಿಳಿದುಕೊಂಡರೆ ಮನಸ್ಸು ತುಂಬುವುದಿಲ್ಲ ಎಂದು ಅದರ ಎರಡನೆಯ ಸೂಚನೆ ಹೇಳುತ್ತದೆ. ಅದೇ ಕೈಪಿಡಿಯ 22ನೆಯ ಪರಿಚ್ಛೇದ, ಎದುರಿನವರ ಮಾತನ್ನು ಖಂಡಿಸುವ ಮೊದಲು ಅದಕ್ಕೆ ಒಳ್ಳೆಯ ಅರ್ಥ ಇರಬಹುದೇ ಎಂದು ಹುಡುಕಬೇಕು ಎನ್ನುತ್ತದೆ. ಕೂಟದ ನಿಯಮಗಳ ಹಾಳೆಯಲ್ಲಿ ಈ ಎರಡನ್ನು ಬರೆದರೆ ಬಹುಮಟ್ಟಿಗೆ ಸಾಕು.

ಪುಸ್ತಕದ ಆಯ್ಕೆಗೆ ಬರೋಣ. ಆರು ವಾರದ ಕೂಟಕ್ಕೆ 150ರಿಂದ 200 ಪುಟ ಗರಿಷ್ಠ. ಅಂದರೆ ವಾರಕ್ಕೆ 25–35 ಪುಟ. ದಿನವಿಡೀ ಕೆಲಸ ಮಾಡಿ ಮನೆಯಲ್ಲಿ ಮಕ್ಕಳನ್ನು ಮಲಗಿಸಿದ ಮೇಲೆ ಒಬ್ಬರು ಆಧ್ಯಾತ್ಮಿಕ ಬರಹವನ್ನು ಪುಟಕ್ಕೆ ಎರಡು ನಿಮಿಷದಂತೆ ಓದಿದರೂ ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಮೂರನೆಯ ವಾರ ಕುರ್ಚಿಗಳು ಖಾಲಿಯಾಗುತ್ತವೆ. ಜನ ಬೇಸರದಿಂದ ಬಿಡುವುದಿಲ್ಲ, 'ಓದಿಲ್ಲ' ಎಂಬ ಸಂಕೋಚದಿಂದ ಬಿಡುತ್ತಾರೆ. ಹಾಗಾಗಿ ಎರಡು ಮದ್ದು: ಪುಟ ಕಡಿಮೆ ಮಾಡಿ, ಓದದೆ ಇದ್ದವರೂ ಬರಬಹುದು ಎಂದು ಪ್ರತಿ ಇಮೇಲಿನಲ್ಲೂ ಬರೆಯಿರಿ. ಅಂದಿನ ಒಂದು ಭಾಗವನ್ನು ಕೂಟದಲ್ಲೇ ಗಟ್ಟಿಯಾಗಿ ಓದುವುದರಿಂದ ಅವರಿಗೂ ಮಾತಾಡಲು ಏನಾದರೂ ಸಿಗುತ್ತದೆ.

ಪುಸ್ತಕ ಕೊಳ್ಳುವಾಗಿನ ತೊಡಕುಗಳು ಸಣ್ಣವು, ಆದರೆ ಕೂಟವನ್ನೇ ಕೆಡಿಸುತ್ತವೆ. 12 ಪ್ರತಿ, ತಲಾ 15–18 ಡಾಲರ್ ಎಂದರೂ 200 ಡಾಲರ್ ಆಸುಪಾಸು; ನಾಲ್ಕು ವಾರ ಮೊದಲೇ ತರಿಸಿ, ಮೊದಲ ಸಭೆಗೆ ಒಂದು ವಾರ ಇರುವಾಗ ಕೈಗೆ ಸಿಗುವಂತೆ ಹಂಚಿ. ಲೈಬ್ರರಿಯಲ್ಲಿ ಇ–ಪುಸ್ತಕ ಇದೆಯಲ್ಲ ಎಂದು ನಂಬಿ ಕೂರಬೇಡಿ. ಹಲವು ಇ–ಪುಸ್ತಕಗಳ ಲೈಸೆನ್ಸ್ ಒಂದು ಹೊತ್ತಿಗೆ ಒಬ್ಬ ಓದುಗರಿಗೆ ಮಾತ್ರ. ಬುಧವಾರ ಬೆಳಿಗ್ಗೆ ಹನ್ನೆರಡು ಜನ ತೆರೆಯಲು ಹೋದಾಗ ಹನ್ನೊಂದು ಜನರಿಗೆ ಬಾಗಿಲು ಮುಚ್ಚಿರುತ್ತದೆ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕಳಿಸುವುದು ಕಾಪಿರೈಟ್ ಉಲ್ಲಂಘನೆ.

ಈ ಕಾರಣಗಳಿಗೆಲ್ಲ ಮೊದಲ ಸಲ ಕೂಟ ಮಾಡುವವರಿಗೆ ಪೋಪ್ ಫ್ರಾನ್ಸಿಸರ 2015ರ ವಿಶ್ವಪತ್ರ (ಪೋಪರ ಬೋಧನಾ ಪತ್ರ) 'ಲೌದಾತೋ ಸಿ' ಒಳ್ಳೆಯ ಆಯ್ಕೆ. ಅದು ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕಾಣುವ ಬರಹ. ಕ್ರೈಸ್ತರಿಗೆ ಮಾತ್ರವಲ್ಲ, ಭೂಮಿಯ ಮೇಲಿನ ಎಲ್ಲರಿಗೂ ಬರೆದದ್ದು ಎಂದು ಅದರಲ್ಲೇ ಹೇಳಿದೆ. ವ್ಯಾಟಿಕನ್ನಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆರು ಅಧ್ಯಾಯ, 246 ಪರಿಚ್ಛೇದ. ಪ್ರತಿ ಪರಿಚ್ಛೇದಕ್ಕೂ ಸಂಖ್ಯೆ ಇರುವುದು ದೊಡ್ಡ ಅನುಕೂಲ. ಒಬ್ಬರ ಕೈಯಲ್ಲಿ ಅಚ್ಚಾದ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ಫೋನು, ಮತ್ತೊಬ್ಬರಲ್ಲಿ ಸ್ಪ್ಯಾನಿಷ್ ಪ್ರತಿ ಇದ್ದರೂ '101' ಎಂದೊಡನೆ ಎಲ್ಲರೂ ಒಂದೇ ಕಡೆ ಬರುತ್ತಾರೆ. ಸ್ವಚ್ಛತಾ ವಿಭಾಗದಲ್ಲಿ, ಕ್ಯಾಂಟೀನಿನಲ್ಲಿ ದುಡಿಯುವವರಲ್ಲಿ ಸ್ಪ್ಯಾನಿಷ್ ಮನೆಮಾತಿನವರು ಇರುವ ಕ್ಯಾಂಪಸ್ಸಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ವಾರಕ್ಕೊಂದು ಅಧ್ಯಾಯ ಎಂದು ಕಣ್ಣುಮುಚ್ಚಿ ಹಂಚಬೇಡಿ. 17ರಿಂದ 61ರವರೆಗೆ ಹರಡಿರುವ ಮೊದಲ ಅಧ್ಯಾಯ ಅಂಕಿಅಂಶ, ಮಾಲಿನ್ಯ, ನೀರು ಎಂದು ಭಾರವಾಗಿದೆ. ಅದನ್ನು ಪೂರ್ತಿ ಕೊಟ್ಟರೆ ಮೊದಲ ಸಭೆ ಹವಾಮಾನ ರಾಜಕೀಯದ ಜಗಳವಾಗುವ ಅಪಾಯ ಜಾಸ್ತಿ. ಹತ್ತು ಹನ್ನೆರಡು ಪರಿಚ್ಛೇದ ಆರಿಸಿಕೊಟ್ಟರೆ ಸಾಕು.

ಕಾಲವನ್ನೂ ಹೊಂದಿಸಿಕೊಳ್ಳಬಹುದು. ವಿಭೂತಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸುಕಾಲದಲ್ಲಿ (ಲೆಂಟ್) ಆರು ಭಾನುವಾರ ಬರುತ್ತವೆ. ಆರು ವಾರದ ಕೂಟ ಅಲ್ಲಿ ಹಿಡಿಸಿದಂತೆ ಕೂರುತ್ತದೆ. ಇದು ಹೊಸ ಐಡಿಯಾವೂ ಅಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದ 48ನೆಯ ಅಧ್ಯಾಯದ ಪ್ರಕಾರ ತಪಸ್ಸುಕಾಲದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು.

ಈಗ ಒಂದು ಸಭೆಯನ್ನು ಹತ್ತಿರದಿಂದ ನೋಡೋಣ. ಎಂಟು ಜನ, 12 ಗಂಟೆಯಿಂದ 1ರವರೆಗೆ. ಮೊದಲ ಹತ್ತು ನಿಮಿಷ ಊಟ ಬಡಿಸಿಕೊಂಡು ಕೂರಲು. ಒಂದು ನಿಮಿಷ ಮೌನ. ಪ್ರಾರ್ಥನೆಯಿಂದ ಶುರುಮಾಡಬೇಕೇ ಎಂಬ ಪ್ರಶ್ನೆ ಪ್ರತಿ ಕೂಟದಲ್ಲೂ ಬರುತ್ತದೆ. ಮೌನವೇ ಮೇಲು, ಏಕೆಂದರೆ ಅದರಲ್ಲಿ ಪ್ರಾರ್ಥಿಸುವವರಿಗೆ ಜಾಗವಿದೆ, ಪ್ರಾರ್ಥಿಸದವರ ಮೇಲೆ ಬಲವಂತವಿಲ್ಲ. ನಂತರ ಆ ದಿನದ ಒಂದು ಪರಿಚ್ಛೇದವನ್ನು ಒಬ್ಬರು ನಿಧಾನವಾಗಿ ಓದುತ್ತಾರೆ, ಇನ್ನೊಬ್ಬರು ಬೇರೆ ದನಿಯಲ್ಲಿ ಅದನ್ನೇ ಮತ್ತೆ ಓದುತ್ತಾರೆ. ಎರಡನೆಯ ಓದಿನಲ್ಲಿ ಕೇಳುವುದು ಮೊದಲಿನದೇ ಅಲ್ಲ. ಮಾಡಿ ನೋಡಿದರೆ ತಿಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ವಿವರಿಸಿದ ನಾಲ್ಕು ಮೆಟ್ಟಿಲಿನ ಓದು, ಅಂದರೆ ಓದು, ಮನನ, ಪ್ರಾರ್ಥನೆ, ಧ್ಯಾನ, ಇದರ ಹಿಂದಿದೆ.

ಹಾಗೆ ಆರಿಸಬಹುದಾದ ಒಂದು ಭಾಗ 'ಲೌದಾತೋ ಸಿ'ಯ 227ನೆಯ ಪರಿಚ್ಛೇದ. ಊಟದ ಮುಂಚೆ ಮತ್ತು ಆಮೇಲೆ ಒಂದು ಗಳಿಗೆ ನಿಂತು ದೇವರಿಗೆ ಕೃತಜ್ಞತೆ ಹೇಳುವ ಪದ್ಧತಿಗೆ ಮರಳಿ ಎಂದು ಅಲ್ಲಿ ಪೋಪ್ ಕೇಳಿಕೊಳ್ಳುತ್ತಾರೆ. ಆ ಗಳಿಗೆ ನಮ್ಮ ಬದುಕು ದೇವರನ್ನು ಅವಲಂಬಿಸಿದೆ ಎಂಬುದನ್ನು ನೆನಪಿಸುತ್ತದೆ, ನಮಗೆ ಅನ್ನ ಒದಗಿಸಲು ದುಡಿದವರನ್ನು ನೆನೆಯುತ್ತದೆ, ತೀರಾ ಕಷ್ಟದಲ್ಲಿರುವವರ ಜೊತೆ ನಮ್ಮನ್ನು ಜೋಡಿಸುತ್ತದೆ ಎಂಬುದು ಅದರ ಸಾರ. ತಟ್ಟೆ ಎದುರಿಗೇ ಇದೆ. ಈಗ ಕೂಟ ನಡೆಸುವವರು ಏನು ಕೇಳಬೇಕು? 'ಊಟದ ಪ್ರಾರ್ಥನೆಯ ಬಗ್ಗೆ ಧರ್ಮಸಭೆಯ ಬೋಧನೆ ಏನು?' ಎಂದರೆ ಉತ್ತರ ಗೊತ್ತಿರುವ ಒಬ್ಬರು ಮಾತಾಡಿ ಉಳಿದ ಏಳು ಜನ ತಲೆ ತಗ್ಗಿಸುತ್ತಾರೆ. 'ನೀವು ಊಟದ ಮುಂಚೆ ಪ್ರಾರ್ಥಿಸುತ್ತೀರಾ?' ಎಂದರೆ ಹೌದು–ಇಲ್ಲದ ಪರೀಕ್ಷೆ. ಇಲ್ಲ ಎನ್ನುವವರು ಒಳಗೇ ಕುಗ್ಗುತ್ತಾರೆ. 'ನೀವು ಬೆಳೆದ ಮನೆಯಲ್ಲಿ ಊಟಕ್ಕೆ ಕೂತಾಗ ಮೊದಲು ಏನಾಗುತ್ತಿತ್ತು?' ಎಂದು ಕೇಳಿ ನೋಡಿ. ಕೆಥೊಲಿಕ್ ಮನೆಯವರು ಶಿಲುಬೆಯ ಗುರುತು ಹಾಕಿಕೊಂಡದ್ದು ಹೇಳಬಹುದು, ಮುಸ್ಲಿಮರು ಬಿಸ್ಮಿಲ್ಲಾ ಎಂದದ್ದು, ಕನ್ನಡಿಗರೊಬ್ಬರು 'ಅನ್ನಪೂರ್ಣೇ ಸದಾಪೂರ್ಣೇ' ಹೇಳಿಕೊಂಡದ್ದು ಅಥವಾ ತುತ್ತು ಎತ್ತುವ ಮುಂಚೆ ಅಜ್ಜಿ ಎಲೆಯ ಪಕ್ಕ ಒಂದಗುಳು ತೆಗೆದಿಡುತ್ತಿದ್ದದ್ದು. ಏನೂ ಆಗುತ್ತಿರಲಿಲ್ಲ, ಟಿವಿ ಹಾಕುತ್ತಿದ್ದರು ಎಂಬ ಉತ್ತರವೂ ಅಷ್ಟೇ ತೂಕದ್ದು. ಈ ಪ್ರಶ್ನೆಗೆ ತಪ್ಪು ಉತ್ತರ ಇಲ್ಲ. ಒಳ್ಳೆಯ ಪ್ರಶ್ನೆಯನ್ನು ಗುರುತಿಸುವುದು ಇದರಿಂದಲೇ.

ಮಾತಿನ ಸುತ್ತುಗಳಿಗೆ 2023 ಮತ್ತು 2024ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಧರ್ಮಸಭೆಯ ಸಿನೊಡ್ ಎಂಬ ಸಮಾಲೋಚನಾ ಸಮಾವೇಶ ಬಳಸಿದ ವಿಧಾನ ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ಕಾರ್ಡಿನಲ್‌ಗಳು, ಬಿಷಪ್‌ಗಳು, ಗೃಹಸ್ಥರು ದುಂಡುಮೇಜಿನ ಸುತ್ತ ಕೂತರು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಮಾತು ಹೇಳುತ್ತಾರೆ, ಯಾರೂ ಉತ್ತರಿಸುವುದಿಲ್ಲ. ಮೌನ. ಎರಡನೆಯ ಸುತ್ತಿನಲ್ಲಿ ಬೇರೆಯವರು ಹೇಳಿದ್ದರಲ್ಲಿ ತಮಗೆ ತಟ್ಟಿದ್ದನ್ನು ಹೇಳುತ್ತಾರೆ, ತಮ್ಮ ವಾದವನ್ನು ಮುಂದುವರಿಸುವುದಿಲ್ಲ. ಮತ್ತೆ ಮೌನ. ಮೂರನೆಯದು ಮುಕ್ತ ಮಾತು. ಎಂಟು ಜನಕ್ಕೆ ಲೆಕ್ಕ ಹಾಕಿ: ತಲಾ ಎರಡು ನಿಮಿಷಕ್ಕೆ ಮೊದಲ ಸುತ್ತು 16 ನಿಮಿಷ, ತಲಾ ಒಂದಕ್ಕೆ ಎರಡನೆಯದು ಎಂಟು, ಮೌನಗಳಿಗೆ ನಾಲ್ಕು, ಮುಕ್ತ ಮಾತಿಗೆ ಹತ್ತು. 12.55ಕ್ಕೆ ಎಲ್ಲರೂ ಎದ್ದಿರುತ್ತಾರೆ. ಅದೇ ಹದಿನಾಲ್ಕು ಜನರಿದ್ದರೆ ಮೊದಲ ಸುತ್ತಿಗೇ 28 ನಿಮಿಷ, ಎರಡನೆಯದಕ್ಕೆ ಹೊತ್ತಿರುವುದಿಲ್ಲ. ಎರಡನೆಯ ಸುತ್ತು ಹೋದರೆ ಕೇಳಿಸಿಕೊಳ್ಳುವ ಅಭ್ಯಾಸವೇ ಹೋಯಿತು, ಉಳಿಯುವುದು ಸರದಿ ಭಾಷಣ. ಆದ್ದರಿಂದ ಹನ್ನೆರಡು ಹೆಸರಿಗಿಂತ ಹೆಚ್ಚು ಬರೆದುಕೊಳ್ಳಬೇಡಿ; ಪ್ರತಿ ವಾರ ಎರಡು ಮೂರು ಜನ ತಪ್ಪಿಯೇ ತಪ್ಪುತ್ತಾರೆ. ಇಪ್ಪತ್ತು ಜನ ಕೇಳಿದರೆ ಎರಡು ಕೂಟ ಮಾಡಿ.

ಕೆಡುವುದು ಎಲ್ಲಿ? ಹೆಚ್ಚಿನ ಸಲ ಕೋಣೆಯಲ್ಲಿ ಯಾರು ಕೂತಿದ್ದಾರೆ ಎಂಬಲ್ಲಿ. ಡೀನ್ ಮತ್ತು ಅವರ ಕಚೇರಿಯ ಸಹಾಯಕಿ ಒಂದೇ ಮೇಜಿನಲ್ಲಿದ್ದರೆ ಸಹಾಯಕಿ ತಮ್ಮ ನಂಬಿಕೆಯ ಬಗ್ಗೆ, ದಣಿವಿನ ಬಗ್ಗೆ ಮನಸ್ಸು ಬಿಚ್ಚುವುದಿಲ್ಲ. ಡೀನ್ ಎಷ್ಟೇ ಒಳ್ಳೆಯವರಾಗಿರಲಿ, ಮುಂದಿನ ಇನ್‌ಕ್ರಿಮೆಂಟಿನ ಹಾಳೆ ಬರೆಯುವವರು ಅವರೇ. ನೇರ ಮೇಲಧಿಕಾರಿ ಮತ್ತು ಕೈಕೆಳಗಿನವರನ್ನು ಬೇರೆ ಬೇರೆ ಗುಂಪಿಗೆ ಹಾಕುವುದು ಕೂಟದ ಅತಿ ಮುಖ್ಯ ನಿಯಮ. ಹಾಜರಾತಿ ಪಟ್ಟಿಯನ್ನು ಎಚ್‌ಆರ್‌ಗಾಗಲಿ ವಿಭಾಗದ ಮುಖ್ಯಸ್ಥರಿಗಾಗಲಿ ಕೊಡಬಾರದು. ವರ್ಷದ ಕೊನೆಯ ವರದಿಗೆ ಎಷ್ಟು ಜನ ಎಂಬ ಸಂಖ್ಯೆ ಸಾಕು.

ಎರಡನೆಯದು, ಖಾಲಿ ಬಿಟ್ಟ ಪೀಠದಲ್ಲಿ ಯಾರೋ ಬಂದು ಕೂರುವುದು. ಸಾಮಾನ್ಯವಾಗಿ ಅವರು ಫಾದರ್ ಆಗಿರುತ್ತಾರೆ, ಇಲ್ಲವೇ ದೈವಶಾಸ್ತ್ರದ ಪ್ರಾಧ್ಯಾಪಕರು. ಅವರದು ಕೆಟ್ಟ ಉದ್ದೇಶವಲ್ಲ. ಗೊತ್ತಿದ್ದವರು ಎದುರಿಗಿದ್ದರೆ ಎಲ್ಲರ ಕಣ್ಣೂ ಅತ್ತಲೇ ತಿರುಗುತ್ತದೆ. ಅವರಿಗೆ ಮೊದಲೇ ಹೇಳಿ: ತಾವು ಕೊನೆಗೆ ಮಾತಾಡಿ, ಎಲ್ಲರಂತೆ ಎರಡೇ ನಿಮಿಷ, ಮಾತು ತಮ್ಮ ಬದುಕಿನದ್ದಾಗಿರಲಿ. ಕೂಟ ನಡೆಸಲು ಲೈಬ್ರೇರಿಯನ್ನೋ ದಾಖಲಾತಿ ವಿಭಾಗದ ಗುಮಾಸ್ತರೋ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಗೋಪ್ಯತೆಯ ಭರವಸೆ. 'ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ' ಎಂದು ಪೂರ್ತಿ ಮಾತು ಕೊಡಬೇಡಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಲೈಂಗಿಕ ಕಿರುಕುಳದ ಸುದ್ದಿ ಕಿವಿಗೆ ಬಿದ್ದರೆ ವರದಿ ಮಾಡಲೇಬೇಕಾದ ಹೊಣೆ ಬಹಳಷ್ಟು ನೌಕರರ ಮೇಲಿದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ ಎಂಬ ಮುದ್ರೆ ಊಟದ ಮೇಜಿನ ಮೇಲಿಲ್ಲ. ಯಾರಾದರೂ ದುಃಖ ತೋಡಿಕೊಂಡರೆ ಸಲಹೆ ಕೊಡಲು ಮುಗಿಬೀಳದೆ ಒಂದು ನಿಮಿಷ ಸುಮ್ಮನಿರಿ, ಸಭೆಯ ನಂತರ ಅವರ ಜೊತೆ ಕಾರಿಡಾರಿನಲ್ಲಿ ನಡೆಯಿರಿ, ಆಪ್ತಸಮಾಲೋಚಕರ ನಂಬರ್ ಕೈಯಲ್ಲಿರಲಿ. ಕೂಟ ಚಿಕಿತ್ಸೆಯಲ್ಲ.

ನಾಲ್ಕನೆಯದು ಹೆಚ್ಚಿನ ಕಡೆ ಯಾರ ಗಮನಕ್ಕೂ ಬಾರದ ಅನ್ಯಾಯ. 'ಎಲ್ಲ ನೌಕರರಿಗೂ ಸ್ವಾಗತ' ಎಂದು ಬರೆದು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟರೆ ಬರಬಲ್ಲವರು ಮಾಸಿಕ ಸಂಬಳದವರು ಮಾತ್ರ. ಗಂಟೆ ಲೆಕ್ಕದವರ ಊಟದ ಬಿಡುವು ಅನೇಕ ಕಡೆ ಅರ್ಧ ಗಂಟೆ. ಅಡುಗೆಮನೆಯವರಿಗೆ ಅದೇ ಹೊತ್ತು ತಲೆ ಎತ್ತಲಾಗದ ಕೆಲಸ. ರಾತ್ರಿ ಪಾಳಿಯ ಸ್ವಚ್ಛತಾ ಸಿಬ್ಬಂದಿ ಆಗ ಮಲಗಿರುತ್ತಾರೆ. ಇಲ್ಲಿ ಕಾನೂನೂ ಇದೆ. ಫೆಡರಲ್ ನಿಯಮದ ಪ್ರಕಾರ ಒಂದು ಸಭೆಯ ಹೊತ್ತನ್ನು ಕೆಲಸದ ಹೊತ್ತಲ್ಲ ಎಂದು ಬಿಡಬೇಕಾದರೆ ನಾಲ್ಕೂ ಷರತ್ತು ಕೂಡಿರಬೇಕು: ಅದು ಕೆಲಸದ ಅವಧಿಯ ಹೊರಗಿರಬೇಕು, ನಿಜಕ್ಕೂ ಸ್ವಇಚ್ಛೆಯದಾಗಿರಬೇಕು, ಕೆಲಸಕ್ಕೆ ನೇರ ಸಂಬಂಧಿಸಿರಬಾರದು, ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡಿರಬಾರದು. ಒಂದು ತಪ್ಪಿದರೂ ಕೂಲಿ ಕೊಡಬೇಕು. ನ್ಯಾಯದ ದಾರಿ ಒಂದೇ: ಗಂಟೆ ಲೆಕ್ಕದವರಿಗೆ ವಾರಕ್ಕೆ ಒಂದು ಗಂಟೆ ಸಂಬಳಸಹಿತ ಬಿಡುವು, ಅದಕ್ಕೆ ಸೂಪರ್‌ವೈಸರ್ ಒಪ್ಪಿಗೆ ಮೊದಲೇ ಬರಹದಲ್ಲಿ, ಟೈಮ್‌ಶೀಟಿನಲ್ಲಿ ಅದಕ್ಕೊಂದು ಕೋಡ್. ಜೊತೆಗೆ ಪಾಳಿ ಬದಲಾಗುವ ಹೊತ್ತಿಗೆ ಒಂದು ಗುಂಪು. ಅನ್ನ ಒದಗಿಸುವವರ ದುಡಿಮೆಯನ್ನು ನೆನೆಯುವ 227ನೆಯ ಪರಿಚ್ಛೇದವನ್ನು, ಆ ಅನ್ನ ಬೇಯಿಸಿದವರನ್ನು ಹೊರಗೆ ಬಿಟ್ಟು ಓದುವಂತಿಲ್ಲ.

ಕರ್ನಾಟಕದಲ್ಲೂ ಈಗ ಇಂಥ ಸಂಸ್ಥೆಗಳು ವಿಶ್ವವಿದ್ಯಾಲಯಗಳಾಗಿವೆ: 1882ರಲ್ಲಿ ಹುಟ್ಟಿ 2022ರಲ್ಲಿ ವಿಶ್ವವಿದ್ಯಾಲಯವಾದ ಬೆಂಗಳೂರಿನ ಸೇಂಟ್ ಜೋಸೆಫ್ಸ್, 1880ರ ಮಂಗಳೂರಿನ ಸೇಂಟ್ ಅಲೋಶಿಯಸ್, 1969ರಲ್ಲಿ ಸಿಎಂಐ ಎಂಬ ಕೆಥೊಲಿಕ್ ಗುರುಗಳ ಸಭೆಯವರು ಆರಂಭಿಸಿದ ಕ್ರೈಸ್ಟ್. ಇಲ್ಲಿ ನೌಕರರಲ್ಲಿ ಬಹಳಷ್ಟು ಜನ ಕ್ರೈಸ್ತರಲ್ಲ. ಹಾಗಾಗಿ ಇಲ್ಲಿ ಕೂಟ ಕಟ್ಟುವವರು ಆತ್ಮಸಾಕ್ಷಿಯ ಮಾತನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಬೇಕು. ಇನ್ನೆರಡು ಸಂಗತಿ ಬದಲಾಗುತ್ತವೆ. ಒಂದು ಭಾಷೆ: ಇಂಗ್ಲಿಷ್ ಪುಸ್ತಕ ಇಟ್ಟರೆ ಅಟೆಂಡರ್, ಡ್ರೈವರ್, ಲ್ಯಾಬ್ ಸಹಾಯಕರು ಅಲ್ಲಿಗೇ ಹೊರಗುಳಿದರು. ಕನ್ನಡದ ಎರಡು ಪುಟ, ಮಂಗಳೂರಿನಲ್ಲಾದರೆ ಮಾತು ತುಳು–ಕೊಂಕಣಿಗೆ ಹೊರಳಲು ಅವಕಾಶ, ಇಷ್ಟು ಸಾಕು. ಇನ್ನೊಂದು ಕುರ್ಚಿ: ಪ್ರಾಂಶುಪಾಲರು ಇರುವ ಕೋಣೆಯಲ್ಲಿ ಅಟೆಂಡರ್ ಕೂರುವುದೇ ಇಲ್ಲ, ಬಾಗಿಲ ಬಳಿ ನಿಲ್ಲುತ್ತಾರೆ. ಅಲ್ಲಿ ಗುಂಪು ಬೇರೆ ಮಾಡುವ ನಿಯಮ ಇನ್ನೂ ಬಿಗಿಯಾಗಿರಬೇಕು. ಚಹಾ ತರುವ ಕೆಲಸ ಅಂದು ಅವರದಾಗಿರಬಾರದು.

ಆರನೆಯ ವಾರ ಮುಂದಿನ ಪುಸ್ತಕವನ್ನು ಘೋಷಿಸಬೇಡಿ. ಒಂದು ಚೀಟಿ ಹಂಚಿ, ಹೆಸರು ಬರೆಯದೆ ಮೂರು ಉತ್ತರ ಕೇಳಿ: ಯಾವ ಭಾಗ ಮನಸ್ಸಿನಲ್ಲಿ ಉಳಿಯಿತು, ಯಾವಾಗ ಮಾತಾಡಲು ಕಷ್ಟವಾಯಿತು, ಯಾರು ಇಲ್ಲಿ ಇರಬೇಕಿತ್ತು ಅನ್ನಿಸಿತು. ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳಿಂದಲೇ ಮುಂದಿನ ಕೂಟದ ಹೊತ್ತು, ಜಾಗ, ಭಾಷೆ ತೀರ್ಮಾನಿಸಿ. ಹಂಚಿದ ಪ್ರತಿಗಳನ್ನು ವಾಪಸ್ ಕೇಳಬೇಡಿ. ಯಾರಾದರೂ ತಾವಾಗಿ ಹಿಂತಿರುಗಿಸಿದರೆ, ಅಂಚಿನಲ್ಲಿ ಬರೆದ ಪೆನ್ಸಿಲ್ ಗುರುತನ್ನು ಅಳಿಸದೆ ಸಿಬ್ಬಂದಿ ಕೊಠಡಿಯ ಕಪಾಟಿನಲ್ಲಿಡಿ.